ಕೊಚ್ಚಿ: ಒಳ್ಳೆಮೆಣಸು ಕಟ್ಟಿದ ಊರಿನಲ್ಲಿ ಒಂದು ದಿನ

ಪತ್ರಿಕೆಯ ಧಾರಣೆ ಅಂಕಣದಲ್ಲಿ ಅಡಿಕೆಗೆ ಮಂಗಳೂರು, ಪುತ್ತೂರು, ಶಿರಸಿ, ಶಿವಮೊಗ್ಗ ಎಂದು ಹತ್ತಾರು ಪೇಟೆಗಳ ಹೆಸರಿರುತ್ತದೆ. ಒಳ್ಳೆಮೆಣಸಿಗೆ ಮಾತ್ರ ನಮ್ಮ ಅಜ್ಜಂದಿರ ಕಾಲದಿಂದಲೂ ಕೇಳುತ್ತ ಬಂದಿರುವ ಹೆಸರು ಒಂದೇ, ಕೊಚ್ಚಿ. "ಕೊಚ್ಚಿಯಲ್ಲಿ ಏನಾಗಿದೆಯಂತೆ?" ಎಂದು ವಿಚಾರಿಸದೆ ಮೆಣಸಿನ ಚೀಲ ಅಂಗಡಿಗೆ ಹೊರಿಸಿದವರು ನಮ್ಮಲ್ಲಿ ಕಡಿಮೆ. ಹೆಸರಷ್ಟೇ ಗೊತ್ತಿದ್ದ ಆ ಊರನ್ನು ಕಣ್ಣಾರೆ ಕಂಡು ಬರೋಣವೆಂದು, ಕೊಯ್ಲಿನ ಗಡಿಬಿಡಿ ಮುಗಿದು ಮಳೆಗಾಲಕ್ಕೆ ಇನ್ನೂ ಸಮಯವಿದ್ದ ಬಿಡುವಿನಲ್ಲಿ ನಾವು ಐವರು ಮಿತ್ರರು ಹೊರಟೆವು. ಇಬ್ಬರು ಸುಳ್ಯ ಕಡೆಯ ಅಡಿಕೆಯವರು, ಒಬ್ಬರು ಮೂಡಿಗೆರೆಯ ಕಾಫಿ ಬೆಳೆಗಾರರು, ಒಬ್ಬರು ಶಿರಸಿ ಸೀಮೆಯವರು, ಇನ್ನೊಬ್ಬರು ಕೊಂಕಣಿ ಮನೆಮಾತಿನ ಮಂಗಳೂರಿನ ಮಿತ್ರರು. ಮಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗಿಗೆ ಎರ್ನಾಕುಲಂ ತಲುಪಿದೆವು. ಕೈಯಲ್ಲಿದ್ದುದು ಒಂದೇ ದಿನ.

ಹೊಳೆ ತೆರೆದ ಬಾಗಿಲು

ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ದೋಣಿಯಲ್ಲಿ ಹೋಗುವುದೇ ಚಂದ. 2023ರಲ್ಲಿ ಆರಂಭವಾದ ವಾಟರ್ ಮೆಟ್ರೊ ಎಂಬ ಹೊಸ ಬಗೆಯ ದೋಣಿಗಳೂ ಅಲ್ಲಿವೆ. ನಾವು ಜಲಸಾರಿಗೆ ಇಲಾಖೆಯ ಹಳೆಯ ದೋಣಿಯನ್ನೇ ಹಿಡಿದೆವು. ದಾರಿಯಲ್ಲಿ ಕಾಣುವ ವೆಲ್ಲಿಂಗ್ಡನ್ ದ್ವೀಪ ಮನುಷ್ಯ ನಿರ್ಮಿತ. 1920ರಲ್ಲಿ ಇಲ್ಲಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೊ ಅವರು ಅಳಿವೆಗೆ ಅಡ್ಡವಾಗಿದ್ದ ಮರಳದಿಬ್ಬವನ್ನು ಕೊರೆಸಿ, ಬಂದರಿನ ಹೂಳೆತ್ತಿಸಿದರು. ಆ ಮಣ್ಣಿನಿಂದಲೇ ದ್ವೀಪವೆದ್ದಿತು. ಅದಕ್ಕೂ ಮೊದಲು ದೊಡ್ಡ ಹಡಗುಗಳು ಹೊರಗಡೆಯೇ ಲಂಗರು ಹಾಕಬೇಕಾಗಿತ್ತು.

ಬಂದರು ಹುಟ್ಟಿದ್ದೂ ನೀರಿನಿಂದಲೇ. 1341ರ ಪೆರಿಯಾರ್ ಮಹಾಪೂರದಲ್ಲಿ ಕೊಡುಂಗಲ್ಲೂರಿನ ಹಳೆಯ ರೇವು ಹೂಳು ತುಂಬಿ ಕೆಟ್ಟು, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಹೇಳುತ್ತಾರೆ. ರೋಮನರ ಕಾಲದಿಂದ ಮೆಣಸು ಕೊಳ್ಳುತ್ತಿದ್ದ ಪರದೇಶದವರು ಮುಂದೆ ಇತ್ತ ಮುಖ ಮಾಡಿದರು.

ಏತದಂಥ ಬಲೆ

ದೋಣಿಯಿಂದ ಇಳಿದು ಸ್ವಲ್ಪ ನಡೆದರೆ ದಡದಲ್ಲಿ ಚೀನಾ ಬಲೆಗಳ ಸಾಲು. ತೇಗದ ಕಂಬ, ಉದ್ದನೆಯ ಗಳುಗಳು, ತುದಿಗೆ ಕಟ್ಟಿದ ಅಗಲ ಬಲೆ, ಹಿಂಬದಿಯಲ್ಲಿ ಹಗ್ಗಕ್ಕೆ ಸಾಲಾಗಿ ಕಟ್ಟಿದ ಕಲ್ಲುಗುಂಡುಗಳು. ಬಲೆ ನೀರಿಗಿಳಿಯುವಾಗ ಕಲ್ಲುಗಳು ಒಂದೊಂದಾಗಿ ಮೇಲೇಳುತ್ತವೆ. ನಾಲ್ಕೈದು ಮಂದಿ ಹಗ್ಗ ಜಗ್ಗಿದರೆ ಬಲೆ ಮೇಲಕ್ಕೆ ಬರುತ್ತದೆ.

"ಇದು ನಮ್ಮ ಏತವೇ ಅಲ್ವಾ ಭಟ್ರೇ!" ಎಂದರು ಮೂಡಿಗೆರೆಯ ಮಿತ್ರರು. ಪಂಪ್‌ಸೆಟ್ ಬರುವ ಮೊದಲು ಅಡಿಕೆ ತೋಟಕ್ಕೆ ಏತದಿಂದ ನೀರೆತ್ತಿದ ನೆನಪಿರುವ ಹಿರಿಯರಿಗೆ ಈ ಬಲೆಯ ಗುಟ್ಟನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂವರು ಒಡೆಯರ ಇಗರ್ಜಿ

ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಇಗರ್ಜಿ ಹತ್ತಿರ. ಪೋರ್ಚುಗೀಸರು 1503ರಲ್ಲಿ ಇಲ್ಲಿ ಕೋಟೆ ಕಟ್ಟಿದಾಗ ಮರದಿಂದ ಎದ್ದ ಪ್ರಾರ್ಥನಾಲಯ ಮುಂದೆ ಕಲ್ಲುಗಾರೆಯದಾಯಿತು. 1663ರಲ್ಲಿ ಡಚ್ಚರು ಊರನ್ನು ಗೆದ್ದರು, 1795ರಲ್ಲಿ ಇಂಗ್ಲಿಷರು ಬಂದರು; ಒಡೆಯರು ಬದಲಾದಂತೆ ಇಗರ್ಜಿಯ ಪಂಥವೂ ಬದಲಾಯಿತು. ಗೋಡೆಗೆ ನಿಲ್ಲಿಸಿದ ಹಳೆಯ ಗೋರಿಕಲ್ಲುಗಳನ್ನೂ, ಹೊರಗಿನಿಂದ ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಖಗಳನ್ನೂ ಇಂದಿಗೂ ಕಾಣಬಹುದು.

ನೆಲದಲ್ಲಿ ಕಟಕಟೆಯೊಳಗೆ ಒಂದು ಕಲ್ಲಿದೆ. 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದು ಇಲ್ಲಿ. 1539ರಲ್ಲಿ ಅವನ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಅಷ್ಟು ದೂರದಿಂದ ಅವನನ್ನು ಎಳೆದು ತಂದದ್ದು ನಮ್ಮ ಹಿತ್ತಿಲಿನ ಬಳ್ಳಿ. ಬಂದವರು ಕೊಚ್ಚಿಯ ರಾಜನೊಡನೆ ಕರಾರು ಮಾಡಿಕೊಂಡು ಮೆಣಸಿಗೆ ದರ ಗೊತ್ತುಮಾಡಿದರು. ಆ ದರ ಏರದಂತೆ ದಶಕಗಳ ಕಾಲ ಬಂದೂಕಿನ ಬಲದಿಂದ ಹಿಡಿದಿಟ್ಟರು. ಡಚ್ಚರೂ ಅದೇ ಜಾಡು ಹಿಡಿದರು. ಆಗ ಬೆಳೆಗಾರನಿಗೂ ಚಿಲ್ಲರೆ ವ್ಯಾಪಾರಿಗೂ ಉಳಿದ ಹಾದಿ ಒಂದೇ, ಕದ್ದುಮುಚ್ಚಿ ಎತ್ತಿನ ಮೇಲೆ ಹೇರಿ ಘಟ್ಟ ದಾಟಿಸುವುದು.

"ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರಲ್ಲ, ಸುಮ್ಮನೆ ಕರೆದದ್ದಲ್ಲ" ಎಂದು ಶಿರಸಿಯ ಮಿತ್ರರು ನೆನಪಿಸಿದರು.

ಗ್ರಂಥದೊಳಗಿನ ಕಂಗು

ಬಿಸಿಲೇರುವ ಮೊದಲೇ ಆಟೊ ಹಿಡಿದು ಮಟ್ಟಾಂಚೇರಿಗೆ ಹೋದೆವು. ಅಲ್ಲಿಯ ತಿರುಮಲ ದೇವಸ್ಥಾನ ಗೌಡ ಸಾರಸ್ವತರದು. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಉಪಟಳ ತಾಳದೆ ಹೊರಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನೆಲೆಸಿದರು, ಕೆಲವರು ಇಲ್ಲಿಯವರೆಗೆ ಬಂದರು. ದೇವಸ್ಥಾನದ ಬೀದಿಯಲ್ಲಿ ಮಂಗಳೂರಿನ ಮಿತ್ರರು ಕೊಂಕಣಿಯಲ್ಲಿ ಹೋಟೆಲಿನ ದಾರಿ ಕೇಳಿದ್ದೇ ತಡ, ಅಂಗಡಿಯ ಹಿರಿಯರೊಬ್ಬರು ಊರು, ಮನೆತನ ಎಲ್ಲ ವಿಚಾರಿಸಿಯೇ ದಾರಿ ತೋರಿಸಿದರು.

ಈ ಸಮಾಜಕ್ಕೂ ನಮ್ಮ ಬೆಳೆಗೂ ಸಂಬಂಧವಿರುವ ಒಂದು ಸಂಗತಿ ಹೇಳಲೇಬೇಕು. ಡಚ್ ಅಧಿಕಾರಿ ವಾನ್ ರೀಡೆ ಮಲಬಾರಿನ ಸಸ್ಯಗಳ ಕುರಿತು ಮಾಡಿಸಿದ 'ಹೊರ್ತುಸ್ ಮಲಬಾರಿಕುಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಮೂಲಿಕೆಗಳ ವಿವರ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು ಮತ್ತು ಕೊಚ್ಚಿಯ ಕೊಂಕಣಿಗಳಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಮೊದಲ ಸಂಪುಟದಲ್ಲೇ ನಮ್ಮ ಅಡಿಕೆ ಮರವಿದೆ, 'ಕವುಂಗ' ಎಂಬ ಹೆಸರಿನಲ್ಲಿ. ತುಳುನಾಡಿನಲ್ಲಿ ನಾವು ಇಂದಿಗೂ ಅದನ್ನು ಕಂಗು ಎನ್ನುತ್ತೇವೆ. ಕೊಚ್ಚಿಯ ಚರಿತ್ರೆಯಲ್ಲಿ ರಾಜರ, ಕಪ್ತಾನರ, ವರ್ತಕರ ಹೆಸರುಗಳು ಹೇರಳ. ಗಿಡವನ್ನು ಬಲ್ಲವರ ಹೆಸರು ಉಳಿದಿರುವುದು ಈ ಗ್ರಂಥದಲ್ಲಿ. ಗಿಡವನ್ನು ಬೆಳೆದವನ ಹೆಸರನ್ನು ನಾವು ಅಲ್ಲಿಯ ಯಾವ ಕಲ್ಲಿನ ಮೇಲೂ ಕಾಣಲಿಲ್ಲ.

ಅರಮನೆ, ಸಿನಗಾಗ್

ಊಟ ಮುಗಿಸಿ ಮಟ್ಟಾಂಚೇರಿ ಅರಮನೆಗೆ ಹೋದೆವು. ಡಚ್ ಅರಮನೆ ಎಂಬ ಹೆಸರು ರೂಢಿಯಲ್ಲಿದ್ದರೂ ಇದನ್ನು 1555ರ ಸುಮಾರಿಗೆ ಕಟ್ಟಿಸಿ ರಾಜನಿಗೆ ಒಪ್ಪಿಸಿದವರು ಪೋರ್ಚುಗೀಸರು. ಡಚ್ಚರು ಮಾಡಿಸಿದ್ದು ದುರಸ್ತಿ. ಒಳಗೆ ಹೊಕ್ಕರೆ ಕೇರಳದ ನಾಲುಕೆಟ್ಟು ಮನೆ, ನಡುವೆ ಭಗವತಿಯ ಗುಡಿ. ರಾಜನ ಶಯನಗೃಹದ ಗೋಡೆಗಳ ತುಂಬ ರಾಮಾಯಣದ ಚಿತ್ರಗಳು. ಎದುರು ನಿಂತವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮೆಣಸಿನ ವ್ಯಾಪಾರದಲ್ಲಿ ರಾಜನ ಒಲವು ಉಳಿಸಿಕೊಳ್ಳಲು ಕೊಟ್ಟ ಉಡುಗೊರೆ ಈ ಮನೆ ಎಂಬುದನ್ನು ಮಾತ್ರ ಮರೆಯಲಾಗದು.

ಅರಮನೆಯ ಮಗ್ಗುಲಲ್ಲೇ ಯೆಹೂದ್ಯರ ಪರದೇಶಿ ಸಿನಗಾಗ್. 1568ರಲ್ಲಿ ರಾಜನ ಆಶ್ರಯದಲ್ಲಿ ಎದ್ದದ್ದು. ಪೋರ್ಚುಗೀಸರು 1662ರಲ್ಲಿ ಹಾಳುಗೆಡವಿದ ಮೇಲೆ ಡಚ್ಚರ ಕಾಲದಲ್ಲಿ ಮತ್ತೆ ಕಟ್ಟಿದ್ದು. ನೆಲಕ್ಕೆ ಚೀನಾದಿಂದ ತರಿಸಿದ, ಕೈಯಿಂದಲೇ ನೀಲಿ ಚಿತ್ರ ಬರೆದ ಬಿಲ್ಲೆಗಳು. 1968ರಲ್ಲಿ ನಡೆದ 400ನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಯೆಹೂದ್ಯರು ಒಬ್ಬೊಬ್ಬರಾಗಿ ಅಲ್ಲಿಗೆ ತೆರಳಿದರು. ಈಗ ಬೀದಿಗೆ ಅವರ ಹೆಸರಿದೆ, ಮನೆಗಳಲ್ಲಿ ಅಂಗಡಿಗಳಿವೆ.

ಕೂಗು ನಿಂತ ಕಟ್ಟೆ

ಇದೇ ಬೀದಿಯಲ್ಲಿದೆ ನಾವು ನೋಡಬೇಕೆಂದು ಬಂದ ಜಾಗ. 1957ರಲ್ಲಿ ಸ್ಥಾಪನೆಯಾದ ಇಂಡಿಯಾ ಪೆಪ್ಪರ್ ಅಂಡ್ ಸ್ಪೈಸ್ ಟ್ರೇಡ್ ಅಸೋಸಿಯೇಷನ್ನಿನ ಕಟ್ಟಡ. ಒಂದು ಕಾಲದಲ್ಲಿ ದಲ್ಲಾಳಿಗಳು ಒಂದೇ ಕೊಠಡಿಯಲ್ಲಿ ನಿಂತು, ಗಂಟಲು ಹರಿಯುವಂತೆ ಕೂಗಿ, ಮುಂದಿನ ತಿಂಗಳ ಮೆಣಸನ್ನು ಇಂದೇ ಕೊಂಡು ಮಾರುತ್ತಿದ್ದರು. ಸುಳ್ಯದ ಅಂಗಡಿಯಲ್ಲಿ ನಮಗೆ ಹೇಳಿದ ದರದ ಬೇರು ಆ ಕೂಗಿನಲ್ಲಿತ್ತು. ಕಂಪ್ಯೂಟರ್ ಬಂದ ಮೇಲೆ ಕೂಗು ನಿಂತಿತು.

ಬಜಾರ್ ರಸ್ತೆಯ ಉದ್ದಕ್ಕೂ ಹಳೆಯ ಉಗ್ರಾಣಗಳು. ಹಲವು ಈಗ ಹಳೆ ಸಾಮಾನಿನ ಅಂಗಡಿಗಳೂ ಕಾಫಿ ಹೋಟೆಲುಗಳೂ ಆಗಿವೆ. 1867ರಲ್ಲಿ ಆರಂಭವಾದ ಆಸ್ಪಿನ್‌ವಾಲ್ ಕಂಪನಿಯ ಫೋರ್ಟ್ ಕೊಚ್ಚಿಯ ಕಟ್ಟಡದಲ್ಲಿ 2012ರಿಂದ ಬಿನಾಲೆ ಎಂಬ ಕಲಾಪ್ರದರ್ಶನ ನಡೆದಿದೆ. ಮಂಗಳೂರಿನಲ್ಲಿ ಮಳೆಗಾಲದ ತೇವದ ಗಾಳಿಗೆ ಕಾಫಿಬೀಜ ಹರಡಿ 'ಮಾನ್ಸೂನ್ಡ್' ಕಾಫಿ ಮಾಡುವ ಕಂಪನಿಯೂ ಇದೇ ಎಂದು ಮೂಡಿಗೆರೆಯವರು ತಿಳಿಸಿದರು.

ಕೆಲಸ ನಡೆಯುತ್ತಿದ್ದ ಒಂದು ಉಗ್ರಾಣದ ಅಂಗಳಕ್ಕೆ ನಮ್ಮನ್ನು ಬಿಟ್ಟುಕೊಂಡರು. ಹೆಂಗಸರು ಸಾಲಾಗಿ ಕುಳಿತು ಮೆಣಸು ಗೇರುತ್ತಿದ್ದರು. ಹೊಟ್ಟು, ಜೊಳ್ಳು, ಸಣ್ಣ ಕಾಳು ಬೇರೆ ಬೇರೆ ರಾಶಿಯಾಗುತ್ತಿತ್ತು. ಪತ್ರಿಕೆಯಲ್ಲಿ ವರ್ಷಗಳಿಂದ ಓದುತ್ತಿದ್ದ 'ಗಾರ್ಬಲ್ಡ್', 'ಅನ್‌ಗಾರ್ಬಲ್ಡ್' ಎಂಬ ಎರಡು ದರಗಳ ಅರ್ಥ ಕಣ್ಣೆದುರಿಗಿತ್ತು. ಜರಡಿ ಹಿಡಿಯುವುದು ಎಂಬರ್ಥದ ಅರಬ್ಬೀ ಮಾತಿನಿಂದ ಬಂದ ಪದ ಅದು. ಉಗ್ರಾಣದವರು ಹಿಡಿ ಮೆಣಸು ಕೈಗೆತ್ತಿಕೊಂಡು ಹೇಳಿದರು: "ತೇವ ನೂರಕ್ಕೆ ಹನ್ನೊಂದರೊಳಗಿರಬೇಕು, ಲೀಟರ್ ಅಳತೆಗೆ ತೂಕ ಬರಬೇಕು, ಬಣ್ಣ ಒಂದೇ ಸಮ ಕಪ್ಪಿರಬೇಕು. ನೀವು ತೋಟದಲ್ಲಿ ಮಾಡದಿದ್ದರೆ ನಾವಿಲ್ಲಿ ಮಾಡುತ್ತೇವೆ. ಅದರ ಖರ್ಚು ನಿಮ್ಮ ದರದಲ್ಲೇ ಕಳೆಯುತ್ತದೆ."

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮಗಿರುವ ಪಾಠ

ವಾಪಸು ದೋಣಿಯಲ್ಲಿ ಚರ್ಚೆ ಕಾವೇರಿತು. "ಪೂಲಿಂಗ್ ಇದ್ದಾಗ ಬೋರ್ಡ್ ಮಾರುತ್ತಿತ್ತು, ನಾವು ಚೆಕ್ಕಿಗೆ ಕಾಯುತ್ತಿದ್ದೆವು. 1996ರಲ್ಲಿ ಅದು ಪೂರ್ತಿ ಹೋದ ಮೇಲೆ ನಮ್ಮ ಬೀಜದ ಗುಣ ನಾವೇ ನೋಡಿಕೊಳ್ಳಬೇಕಾಯಿತು" ಎಂದರು ಕಾಫಿಯವರು. "ಅಡಿಕೆಗೆ ಬೆಲೆ ಕುಸಿದಾಗ ನಾವು ಅಳುತ್ತ ಕೂರಲಿಲ್ಲ ಗೌಡ್ರೇ" ಎಂದು ಸುಳ್ಯದವರು ಉತ್ತರಿಸಿದರು. ಅವರ ಮಾತು ಸರಿ. 1970ರ ಆಸುಪಾಸಿನ ಕುಸಿತದ ಬಳಿಕ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಕೂಡಿ 1973ರ ಜುಲೈ 11ರಂದು ಕ್ಯಾಂಪ್ಕೊ ಕಟ್ಟಿದರು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಖರೀದಿಯ ಕಟ್ಟೆಯಲ್ಲಿ ಬೆಳೆಗಾರರ ಕಡೆಯ ಒಂದು ದನಿ ಹುಟ್ಟಿತು.

ಕೊಚ್ಚಿ ಹೇಳುವುದೂ ಇದನ್ನೇ. ಉಗ್ರಾಣ, ತಕ್ಕಡಿ, ಜರಡಿ ಯಾರ ಕೈಯಲ್ಲಿವೆಯೋ ದರವೂ ಅವರ ಕೈಯಲ್ಲೇ. ಬಂದೂಕು ಹಿಡಿದವರ ಕಾಲ ಮುಗಿದಿದೆ. ಜರಡಿಯನ್ನು ನಾವು ಹಿಡಿಯಲು ಇಂದು ಅಡ್ಡಿಯಿಲ್ಲ. ಬಿಡಿಸಿದ ಮೆಣಸನ್ನು ಬಟ್ಟೆಯಲ್ಲಿ ಕಟ್ಟಿ ಒಂದು ನಿಮಿಷ ಕುದಿನೀರಲ್ಲಿ ಅದ್ದಿದರೆ ಬಣ್ಣ ಸಮನಾಗುತ್ತದೆ, ಬೇಗ ಒಣಗುತ್ತದೆ. ಸಗಣಿ ಸಾರಿಸಿದ ಅಂಗಳದ ಬದಲು ಸ್ವಚ್ಛ ಹಾಸಿನ ಮೇಲೆ ಒಣಗಿಸಿ, ಗೇರಿ, ಜೊಳ್ಳು ತೆಗೆದು, ನಾಲ್ಕು ಮನೆಯವರದು ಒಟ್ಟು ಸೇರಿಸಿ ಮಾರಿದರೆ ಮಾತಿಗೆ ತೂಕ ಬರುತ್ತದೆ. ಬರುವ ಕೊಯ್ಲಿಗೆ ಹಾಗೆ ಮಾಡುವುದೆಂದು ಸುಳ್ಯದ ಇಬ್ಬರು ಮಿತ್ರರು ದೋಣಿ ದಡ ಮುಟ್ಟುವ ಮೊದಲೇ ತೀರ್ಮಾನಿಸಿದರು.

ಹೋಗಬಯಸುವ ಸದಸ್ಯ ಬಾಂಧವರಿಗೆ ಒಂದು ಸೂಚನೆ: ಅರಮನೆಗೆ ಶುಕ್ರವಾರ ರಜೆ, ಸಿನಗಾಗ್ ಶನಿವಾರ ತೆರೆಯುವುದಿಲ್ಲ. ಆದ್ದರಿಂದ ವಾರದ ಮೊದಲ ದಿನಗಳಲ್ಲಿ ಹೋಗಿರಿ. ಜೇಬಿನಲ್ಲಿ ಒಂದು ಹಿಡಿ ನಿಮ್ಮ ತೋಟದ ಮೆಣಸು ಇಟ್ಟುಕೊಂಡು ಹೋಗಿ, ಬಜಾರ್ ರಸ್ತೆಯಲ್ಲಿ ತೋರಿಸಿ ಕೇಳಿರಿ. ಚಿತ್ರಗಳನ್ನು ನೋಡಿದ ಸಂತೋಷ ಹೇಗೂ ಇದ್ದೇ ಇದೆ. ಆ ಹಿಡಿ ಮೆಣಸಿನ ಬಗ್ಗೆ ಕೇಳಿದ ಮಾತು ಮುಂದಿನ ಕೊಯ್ಲಿಗೆ ಕೆಲಸಕ್ಕೆ ಬರುತ್ತದೆ.