ವಾಲಧುನಿಯ ವಿಷಕ್ಕೆ ಹೆಸರು ಬೇಕು

ಅಂಬರನಾಥದ ಶಿವಾಲಯದ ಶಾಸನ 1060ರದು, ಶಿಲಾಹಾರರ ಕಾಲದ್ದು. ಆ ದೇಗುಲದ ಮಗ್ಗುಲಲ್ಲೇ ಹರಿಯುವ ವಾಲಧುನಿ ನದಿ, ಉಲ್ಹಾಸನಗರವನ್ನು ದಾಟಿ ಕಲ್ಯಾಣದ ಖಾಡಿ ಸೇರುವ ಹೊತ್ತಿಗೆ ಕಾರ್ಖಾನೆಗಳ ತ್ಯಾಜ್ಯವನ್ನೂ ಜೀನ್ಸ್ ತೊಳೆದ ಬಣ್ಣದ ನೀರನ್ನೂ ಊರ ಚರಂಡಿಯನ್ನೂ ಹೊತ್ತಿರುತ್ತದೆ. 2014ರ ನವೆಂಬರ್ ಕೊನೆಯಲ್ಲಿ ನದಿಗೆ ಸುರಿದ ರಾಸಾಯನಿಕದ ಘಾಟಿಗೆ ಉಲ್ಹಾಸನಗರದ ನೂರಾರು ಜನ ಆಸ್ಪತ್ರೆ ಸೇರಿದರು. ಉಲ್ಹಾಸ್ ಮತ್ತು ವಾಲಧುನಿಗಳ ಮಾಲಿನ್ಯದ ಬಗ್ಗೆ ವನಶಕ್ತಿ ಎಂಬ ಪರಿಸರ ಸಂಸ್ಥೆ ಹೂಡಿದ್ದ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಭಾರಿ ದಂಡ ವಿಧಿಸಿತು.

ಆದರೆ ನೀರಿನಲ್ಲಿರುವುದು ಯಾವ ವಿಷ? ನೀರಿನ ಆಮ್ಲಜನಕದ ಬೇಡಿಕೆಯನ್ನು ಅಳೆಯುವ ಸಿಒಡಿ, ಬಿಒಡಿ ಪರೀಕ್ಷೆಗಳು ಕೊಳೆಯ ಒಟ್ಟು ಹೊರೆಯನ್ನಷ್ಟೇ ಹೇಳುತ್ತವೆ. ಹಲವು ಸಾವಯವ ರಾಸಾಯನಿಕಗಳನ್ನು ಒಂದೊಂದಾಗಿ ಗುರುತಿಸಬಲ್ಲದ್ದು ದ್ರವ ಕ್ರೊಮಟೋಗ್ರಫಿ-ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ಎಲ್‌ಸಿ-ಎಂಎಸ್. ಇದರಲ್ಲಿ ಸೂಕ್ಷ್ಮ ಕಣಗಳನ್ನು ತುಂಬಿದ ಕಾಲಂ ಎಂಬ ಕೊಳವೆ ಮಿಶ್ರಣವನ್ನು ಬೇರ್ಪಡಿಸುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳನ್ನು ತೂಗುತ್ತದೆ. ತೂಕವೊಂದೇ ಸಾಲದು. ಅಜೋ ಬಣ್ಣಗಳು ಒಡೆದಾಗ ಬರಬಹುದಾದ 2,4-ಕ್ಸೈಲಿಡಿನ್ ಮತ್ತು 2,6-ಕ್ಸೈಲಿಡಿನ್‌ಗಳ ಅಣುತೂಕ ಒಂದೇ, 121. ಇಂಥವನ್ನು ಕಾಲಂನಲ್ಲೇ ಬೇರ್ಪಡಿಸಬೇಕು. ಹಲವು ವಸ್ತುಗಳು ಒಟ್ಟಿಗೆ ಹೊರಬಿದ್ದರೆ ಒಂದರ ಸಂಕೇತವನ್ನು ಇನ್ನೊಂದು ಅಡಗಿಸುವ ಅಪಾಯವೂ ಇದೆ.

ಇದಕ್ಕೊಂದು ಸರಳ ಉಪಾಯ, ಕಾಲಂಗಳನ್ನು ಒಂದರ ಹಿಂದೊಂದು ಜೋಡಿಸುವುದು. ಒಂದೇ ಬಗೆಯ 150 ಮಿ.ಮೀ.ನ ಎರಡು ಕಾಲಂ ಸೇರಿಸಿದರೆ ಬೇರ್ಪಡಿಕೆಯ ದಕ್ಷತೆ ಸುಮಾರು ಇಮ್ಮಡಿಯಾಗುತ್ತದೆ. ಅಕ್ಕಪಕ್ಕದ ಎರಡು ವಸ್ತುಗಳು ಬೇರ್ಪಡುವ ಸ್ಪಷ್ಟತೆ (ರೆಸೊಲ್ಯೂಷನ್) ಮಾತ್ರ ಸುಮಾರು 1.4 ಪಟ್ಟು ಹೆಚ್ಚುತ್ತದೆ, ಏಕೆಂದರೆ ಅದು ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಹರಿವು ಅಷ್ಟೇ ಇದ್ದರೆ ಒತ್ತಡವೂ ಸಮಯವೂ ಇಮ್ಮಡಿ. ಹಳೆಯ ಪಂಪುಗಳ ಮಿತಿ ಸುಮಾರು 400 ಬಾರ್. ಆದ್ದರಿಂದ ಕಾಲಂ ಬಿಸಿ ಮಾಡಿ ದ್ರಾವಣವನ್ನು ತೆಳುವಾಗಿಸುತ್ತಾರೆ, ಇಲ್ಲವೇ ಕಡಿಮೆ ಒತ್ತಡದಲ್ಲೇ ಚೆನ್ನಾಗಿ ಬೇರ್ಪಡಿಸುವ 2.7 ಮೈಕ್ರಾನಿನ ಕೋರ್-ಶೆಲ್ ಕಣಗಳ ಕಾಲಂ ಆರಿಸುತ್ತಾರೆ. ನಡುವಿನ ಕೊಳವೆ ಗಿಡ್ಡಗೆ, ಸಣ್ಣ ರಂಧ್ರದ್ದಾಗಿರಬೇಕು. ಜೋಡಣೆಯಲ್ಲಿ ಚೂರು ಸಂದು ಉಳಿದರೂ ಬೇರ್ಪಟ್ಟ ಪಟ್ಟಿಗಳು ಮತ್ತೆ ಹರಡಿ, ಗಳಿಸಿದ್ದು ಕಳೆದುಹೋಗಬಹುದು.

ಬೇರೆ ಬೇರೆ ಗುಣದ ಕಾಲಂಗಳನ್ನೂ ಜೋಡಿಸಬಹುದು. ಎಣ್ಣೆಗುಣದ ವಸ್ತುಗಳನ್ನು ರಿವರ್ಸ್ ಫೇಸ್ ಕಾಲಂ ಹಿಡಿಯುತ್ತದೆ. ಅದು ಬಿಟ್ಟುಕೊಡುವ, ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುಗಳನ್ನು ಮುಂದಿನ ಹಿಲಿಕ್ ಕಾಲಂ ತಡೆಯುತ್ತದೆ. ನಡುವೆ ಟಿ-ಜೋಡಣೆಯಿಂದ ಅಸಿಟೋನೈಟ್ರೈಲ್ ಎಂಬ ದ್ರಾವಕವನ್ನು ಸೇರಿಸಲೇಬೇಕು. ಕಾರ್ಖಾನೆಯ ನೀರಿನಲ್ಲಿ ಎರಡೂ ಬಗೆಯ ವಸ್ತುಗಳಿರುವುದರಿಂದ ಈ ಜೋಡಿ ಮುಖ್ಯ.

ಉಪಕರಣವಿರುವ ಪ್ರಯೋಗಾಲಯಕ್ಕೆ ಇನ್ನೊಂದು ಕಾಲಂ ದೊಡ್ಡ ಹೊರೆಯಲ್ಲ. ವಾಲಧುನಿಯ ವರದಿಗಳಲ್ಲಿ ಕೊಳೆಯ ಪ್ರಮಾಣದ ಜೊತೆಗೆ ರಾಸಾಯನಿಕಗಳ ಹೆಸರೂ ಬರಲಿ. ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಯ ನಾಗರಿಕರು, ಅಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿ, ಇದನ್ನು ಕೇಳಬೇಕು.