ಸರ್ಕಾರಿ ವೆಬ್‌ಸೈಟ್ ತೆರೆಯದಿದ್ದರೆ ಹ್ಯಾಕ್ ಆಗಿದೆ ಎಂದರ್ಥವೇ?

ಒಂದು ನೋಟದಲ್ಲಿ

ಸರ್ಕಾರಿ ಜಾಲತಾಣ ತೆರೆಯದಿದ್ದಾಗಲೆಲ್ಲ ‘ಸೈಟ್ ಹ್ಯಾಕ್ ಆಗಿದೆ’, ‘ಯೋಜನೆ ನಿಂತಿದೆ’, ‘ಈ ಹೊಸ ಲಿಂಕ್‌ನಲ್ಲಿ ಅರ್ಜಿ ಹಾಕಿ’ ಎಂಬ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಸೈಟ್ ತೆರೆಯದಿರುವುದೊಂದೇ ಹ್ಯಾಕ್ ಆಗಿರುವುದಕ್ಕೆ ಪುರಾವೆಯಲ್ಲ. ಅದು ಕೆಡಲು ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಒಂದನ್ನು, ಸೈಟ್ ಜನರ ಕೈಗೆ ಬರುವ ಮೊದಲೇ ಹಿಡಿಯಬಹುದು.

ಇದು ಯಾಕೆ ಮುಖ್ಯ?

2023ರ ಜೂನ್ 18ರಂದು ಸೇವಾ ಸಿಂಧು ಜಾಲತಾಣದಲ್ಲಿ ಗೃಹಜ್ಯೋತಿ ನೋಂದಣಿ ಶುರುವಾಯಿತು. ಮರುತಿಂಗಳು ಗೃಹಲಕ್ಷ್ಮಿಯ ಸರದಿ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳ ಮುಂದೆ ಜನ ಸಾಲುಗಟ್ಟಿದರು, ಸರ್ವರ್ ನಿಧಾನವಾಯಿತು. ‘ಹ್ಯಾಕ್’ ಎಂಬ ಮಾತು ರಾಜಕೀಯ ವಲಯದಲ್ಲೂ ಕೇಳಿಬಂತು.

ಹುನಗುಂದದ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂದರೆ ಆ ಕೂಲಿ ಹೋದಂತೆಯೇ. ಅದೇ ಹೊತ್ತಿಗೆ ಮೊಬೈಲ್‌ಗೆ ಬರುವ ನಕಲಿ ಲಿಂಕ್ ಒತ್ತಿದರೆ ಬ್ಯಾಂಕಿನಲ್ಲಿರುವ ಹಣವೂ ಹೋಗಬಹುದು.

ವೆಬ್‌ಸೈಟ್ ಒಂದೇ ವಸ್ತುವಲ್ಲ

ಇಳಕಲ್ ಸೀರೆಯನ್ನೇ ನೋಡಿ. ಅದರ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಎರಡೂ ಹಾಸಿನ ಎಳೆಗಳನ್ನು ‘ಕೊಂಡಿ’ ಹಾಕಿ ಕೂಡಿಸುತ್ತಾರೆ. ಒಡಲು ಚೆನ್ನಾಗಿದೆ, ಸೆರಗೂ ಚೆನ್ನಾಗಿದೆ ಎಂದ ಮಾತ್ರಕ್ಕೆ ಸೀರೆ ಚೆನ್ನಾಗಿದೆ ಎನ್ನಲಾಗದು. ಕೊಂಡಿಯೂ ಗಟ್ಟಿಯಾಗಿರಬೇಕು.

ವೆಬ್‌ಸೈಟ್ ಕೂಡ ಹೀಗೆಯೇ. ಅರ್ಜಿ ನಮೂನೆ ತೋರಿಸುವುದು ಒಂದು ಭಾಗ, ಒಟಿಪಿ ಕಳಿಸುವುದು ಇನ್ನೊಂದು, ಮಾಹಿತಿ ಉಳಿಸುವುದು ಮತ್ತೊಂದು. ಇವುಗಳನ್ನು ಮಾಡ್ಯೂಲ್ ಎನ್ನುತ್ತಾರೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡುವುದು ಯೂನಿಟ್ ಟೆಸ್ಟ್. ಕೂಡಿಸಿದ ಮೇಲೆ ಹೊಂದುತ್ತವೆಯೇ ಎಂದು ನೋಡುವುದು ಇಂಟಿಗ್ರೇಷನ್ ಟೆಸ್ಟ್, ಅಂದರೆ ಜೋಡಣೆ ಪರೀಕ್ಷೆ.

ಒಂದು ಉದಾಹರಣೆ. ಊರಿನ ಹೆಸರು ‘ಬಾದಾಮಿ’ ಎಂದು ಕನ್ನಡದಲ್ಲಿ ತುಂಬಿದಿರಿ ಎನ್ನಿ. ನಮೂನೆಯ ಭಾಗಕ್ಕೆ ಕನ್ನಡ ಗೊತ್ತು, ಮಾಹಿತಿ ಉಳಿಸುವ ಭಾಗಕ್ಕೂ ಗೊತ್ತು. ಆದರೆ ನಡುವೆ ಇರುವ ವೆಬ್ ಸರ್ವರ್‌ಗೆ ಅಕ್ಷರಗಳನ್ನು ಯುನಿಕೋಡ್‌ನ ಯಾವ ರೂಪದಲ್ಲಿ ಓದಬೇಕೆಂದು ಸರಿಯಾಗಿ ಹೇಳಿಲ್ಲ. ಆಗ ‘ಬಾದಾಮಿ’ ಹೋಗಿ ‘??????’ ಆಗುತ್ತದೆ. ಬಿಡಿ ಪರೀಕ್ಷೆಗಳಲ್ಲಿ ಎಲ್ಲವೂ ಪಾಸು, ತಪ್ಪಿರುವುದು ಕೊಂಡಿಯಲ್ಲಿ.

ಈ ಪರೀಕ್ಷೆ ನಡೆಯುವುದು ಹೇಗೆ?

ಬರೆದ ಪ್ರೋಗ್ರಾಂ ಅನ್ನು ಬಳಕೆಗೆ ಸಿದ್ಧವಾದ ತಂತ್ರಾಂಶವಾಗಿ ಕಟ್ಟುವ ಕೆಲಸಕ್ಕೆ ‘ಬಿಲ್ಡ್’ ಎನ್ನುತ್ತಾರೆ. ಪ್ರತಿ ಬಿಲ್ಡ್‌ನಲ್ಲೂ ಪರೀಕ್ಷೆ ತಾನಾಗಿಯೇ ನಡೆಯುವಂತೆ ಸೇರಿಸಿಬಿಡುವುದು ಒಳ್ಳೆಯ ಪದ್ಧತಿ:

1. ಮಾಡ್ಯೂಲ್‌ಗಳನ್ನು ಕಟ್ಟಿ ಕೂಡಿಸುತ್ತಾರೆ.
2. ಪರೀಕ್ಷೆಗೆಂದೇ ಒಂದು ಸಣ್ಣ ವೆಬ್ ಸರ್ವರ್ ಚಾಲು ಮಾಡುತ್ತಾರೆ. ಇದು ನಿಜವಾದ ಸರ್ವರ್, ಆದರೆ ಹೊರಗಿನವರಿಗೆ ಕಾಣದು.
3. ನಾವು ನೀವು ಬ್ರೌಸರ್‌ನಲ್ಲಿ ಮಾಡುವಂತೆ, ಪರೀಕ್ಷೆಯ ಪ್ರೋಗ್ರಾಂ ಆ ಸರ್ವರ್‌ಗೆ ಅರ್ಜಿ ಕಳಿಸುತ್ತದೆ.
4. ಬಂದ ಉತ್ತರ ನೋಡುತ್ತದೆ. ‘ಬಾದಾಮಿ’ ಹಾಗೆಯೇ ಉಳಿಯಿತೇ? 12ರ ಬದಲು 11 ಅಂಕಿಯ ಆಧಾರ್ ಸಂಖ್ಯೆ ಕೊಟ್ಟರೆ ತಪ್ಪೆಂದು ಹೇಳಿತೇ? ಹಳೆಯ ಒಟಿಪಿಯನ್ನು ತಿರಸ್ಕರಿಸಿತೇ?
5. ಸರ್ವರ್ ಬಂದ್ ಮಾಡಿ ಫಲಿತಾಂಶ ಕೊಡುತ್ತದೆ. ಒಂದು ಪರೀಕ್ಷೆ ಫೇಲಾದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಜಾವಾ ಭಾಷೆಯ ತಂತ್ರಾಂಶಗಳನ್ನು ಕಟ್ಟುವ ಮೇವನ್ ಎಂಬ ಸಾಧನದಲ್ಲಿ ಇದಕ್ಕೆಂದೇ ನಾಲ್ಕು ಹಂತಗಳಿವೆ: ಸರ್ವರ್ ಏಳಿಸುವುದು, ಪರೀಕ್ಷಿಸುವುದು, ಸರ್ವರ್ ಮಲಗಿಸುವುದು, ಕೊನೆಗೆ ತೀರ್ಪು. ತೀರ್ಪು ಕೊನೆಗಿರುವುದಕ್ಕೆ ಕಾರಣವಿದೆ. ಪರೀಕ್ಷೆ ಫೇಲಾದ ಕೂಡಲೇ ಬಿಲ್ಡ್ ನಿಲ್ಲಿಸಿದರೆ, ಏಳಿಸಿದ ಸರ್ವರ್ ಹಿನ್ನೆಲೆಯಲ್ಲಿ ಓಡುತ್ತಲೇ ಉಳಿದುಬಿಡಬಹುದು.

ಈ ಪರೀಕ್ಷೆಗೆ ಸಮಯ ಕೊಡದಿದ್ದರೆ?

ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ಶುರುವಾಯಿತು. ಮೊದಲ ದಿನ ವಿಮೆ ಪಡೆಯುವಲ್ಲಿ ಯಶಸ್ವಿಯಾದವರು ಕೇವಲ 6 ಮಂದಿ. ಅದೇ ತಿಂಗಳು ಅಲ್ಲಿನ ಸಂಸತ್ ಸಮಿತಿಯ ಮುಂದೆ ಗುತ್ತಿಗೆದಾರ ಕಂಪನಿಗಳು ಒಂದು ಸಂಗತಿ ಹೇಳಿದವು: ತಮ್ಮ ತಮ್ಮ ಭಾಗಗಳನ್ನು ಪರೀಕ್ಷಿಸಿದ್ದರು, ಆದರೆ ಎಲ್ಲವನ್ನೂ ಕೂಡಿಸಿ ಆದಿಯಿಂದ ಅಂತ್ಯದವರೆಗೆ ನೋಡಿದ್ದು ಕೊನೆಯ 2 ವಾರಗಳಲ್ಲಿ ಮಾತ್ರ. ಅಲ್ಲಿ ಯಾರೂ ಹ್ಯಾಕ್ ಮಾಡಿ ಸೈಟ್ ಕೆಡಿಸಿರಲಿಲ್ಲ.

ಹಾಗಾದರೆ ಈ ಪರೀಕ್ಷೆ ಮಾಡಿದರೆ ಸೈಟ್ ಕೆಡುವುದೇ ಇಲ್ಲವೇ?

ಹಾಗೇನಿಲ್ಲ. ಕೊಂಡಿ ಸರಿಯಿದೆಯೇ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಒಮ್ಮೆಲೇ ಲಕ್ಷಾಂತರ ಜನ ಬಂದರೆ ತಡೆಯುತ್ತದೆಯೇ ಎಂದು ತಿಳಿಯಲು ಲೋಡ್ ಟೆಸ್ಟ್ ಬೇರೆಯೇ ಬೇಕು. ಇನ್ನು ಕೆಲವೊಮ್ಮೆ ದಾಳಿ ನಿಜವಾಗಿಯೂ ನಡೆಯುತ್ತದೆ. ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣ 2025ರ ಜನವರಿಯಲ್ಲಿ ಕುಂಟಿದಾಗ, ನಕಲಿ ಖಾತೆಗಳಿಂದ ಕೋರಿಕೆಗಳ ಮಳೆ ಸುರಿಸಿ ಸರ್ವರ್ ದಣಿಸಿದ್ದು ಬೆಳಕಿಗೆ ಬಂದು, ಪೊಲೀಸರಿಗೆ ದೂರು ಹೋಯಿತು. ಇದು ಬಾಗಿಲಿಗೆ ಗುಂಪು ಕಟ್ಟಿ ದಾರಿ ಅಡ್ಡಗಟ್ಟಿದಂತೆ. ಮನೆಯೊಳಗೆ ನುಗ್ಗಿ ಕದಿಯುವುದು ಬೇರೆ.

ಪರದೆಯ ಮೇಲಿನ ಸಂಖ್ಯೆ ಓದುವುದು ಹೇಗೆ?

- 404: ಆ ವಿಳಾಸದಲ್ಲಿ ಪುಟವಿಲ್ಲ. ಲಿಂಕ್ ತಪ್ಪಿರಬಹುದು.
- 500: ಸರ್ವರ್‌ನ ಒಳಗೇ ಏನೋ ತಪ್ಪಾಗಿದೆ.
- 502, 504: ಮುಂದಿನ ಸರ್ವರ್‌ಗೆ ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ, ಅಥವಾ ಹೊತ್ತಿಗೆ ಬರಲಿಲ್ಲ.
- 503: ಸರ್ವರ್ ಮೇಲೆ ಹೊರೆ ಹೆಚ್ಚಿದೆ ಅಥವಾ ದುರಸ್ತಿ ನಡೆದಿದೆ.

ಈ ಯಾವ ಸಂಖ್ಯೆಗೂ ‘ಹ್ಯಾಕ್ ಆಗಿದೆ’ ಎಂಬ ಅರ್ಥವಿಲ್ಲ. ‘ಯೋಜನೆ ರದ್ದಾಗಿದೆ’ ಎಂಬ ಅರ್ಥವೂ ಇಲ್ಲ.

ಫಾರ್ವರ್ಡ್ ಮಾಡುವ ಮುನ್ನ

- ಸರ್ವರ್ ಡೌನ್ ಎಂಬ ಕಾರಣಕ್ಕೆ ಯಾರೋ ಕಳಿಸಿದ ‘ಬದಲಿ ಲಿಂಕ್’ ತೆರೆಯಬೇಡಿ. ವಿಳಾಸದಲ್ಲಿ ‘https://’ ಆದ ಮೇಲಿನ ಮೊದಲ ಅಡ್ಡಗೆರೆಗೆ ಮುಂಚಿನ ಭಾಗ ‘ಡಾಟ್ ಜಿಒವಿ ಡಾಟ್ ಐಎನ್’ ಎಂದು, ಮುಂದಿನ ಡಾಟ್ ಸಮೇತ, ಮುಗಿಯುತ್ತದೆಯೇ ನೋಡಿ.
- ಹಣ ಕಟ್ಟುವಾಗ ಪುಟ ನಿಂತುಹೋದರೆ ಮತ್ತೆ ಕಟ್ಟಲು ಅವಸರ ಮಾಡಬೇಡಿ. ಮೊದಲು ಖಾತೆ ನೋಡಿ, ವಹಿವಾಟು ಸಂಖ್ಯೆ ಬರೆದಿಟ್ಟುಕೊಳ್ಳಿ.
- ತಪ್ಪಿನ ಸ್ಕ್ರೀನ್‌ಶಾಟ್ ಅನ್ನು ದಿನ, ಸಮಯದೊಂದಿಗೆ ಸಂಬಂಧಪಟ್ಟ ಇಲಾಖೆಗೆ ಕಳಿಸಿ. ಸರಿಪಡಿಸುವವರಿಗೆ ಅದು ನಿಜಕ್ಕೂ ನೆರವಾಗುತ್ತದೆ.
- ನಕಲಿ ಲಿಂಕ್‌ನಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

ಸೈಟ್ ತೆರೆಯದಿದ್ದರೆ ‘ಯಾರು ಹ್ಯಾಕ್ ಮಾಡಿದರು?’ ಎಂಬುದಕ್ಕಿಂತ ‘ಬಿಡುಗಡೆಗೆ ಮೊದಲು ಕೂಡಿಸಿ ಪರೀಕ್ಷಿಸಿದ್ದರೇ?’ ಎಂದು ಕೇಳುವುದು ಹೆಚ್ಚು ಉಪಯುಕ್ತ. ಆ ಪರೀಕ್ಷೆಗೆ ಹಿಡಿಯುವುದು ಕೆಲವು ನಿಮಿಷ. ಅದನ್ನು ಬಿಟ್ಟರೆ ಹಾಳಾಗುವುದು ಸಾಲಿನಲ್ಲಿ ನಿಂತವರ ದಿನ.