ಲಿನಕ್ಸಿಗೆ ಒಗ್ಗುವ ವೈಫೈ ಅಡಾಪ್ಟರ್

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗನು. ಹಾನಗಲ್ಲಿನ ಪರಿಚಯಸ್ಥರೊಬ್ಬರು ಕೊಟ್ಟ ಹಳೆಯ ಕಂಪ್ಯೂಟರು ಮನೆಗೆ ಬಂದ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿದಳು. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹೊಸದನ್ನು ಹೊರುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಆದ್ದರಿಂದ ಲಿನಕ್ಸ್ ಹಾಕಿದೆನು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕಾಸು ಕೊಡಬೇಕಾದುದಿಲ್ಲ. ನೆರೆಮನೆಯ ಮಾಸ್ತರರು ತಮ್ಮ ವೈಫೈ ಬಳಸಲು ಒಪ್ಪಿದ್ದರು. ಆದರೆ ಅದನ್ನು ಹಿಡಿಯುವ ಸಾಧನವೇ ನಮ್ಮ ಯಂತ್ರದಲ್ಲಿಲ್ಲ! ವಿದ್ಯಾರ್ಥಿವೇತನದ ಅರ್ಜಿಗೆ ಐದೇ ದಿನ ಉಳಿದಿದ್ದವು.

ಶಿಗ್ಗಾಂವಿಯ ಅಂಗಡಿಯೊಂದರಲ್ಲಿ ಯುಎಸ್‌ಬಿ ವೈಫೈ ಅಡಾಪ್ಟರ್ ಕೇಳಿದೆನು.

“ಲಿನಕ್ಸಿಗೆ ನಡೀತೈತೇನ್ರಿ ಅಣ್ಣಾರ?”

“ಹಚ್ಚಿದ್ರ ಆತು ತಮ್ಮಾ, ಎಲ್ಲಾದಕ್ಕೂ ನಡೀತೈತಿ.”

ಅಪ್ಪನ ಒಂದು ದಿನದ ಕೂಲಿ ಕೊಟ್ಟು ತಂದೆನು. ಹಚ್ಚಿದೆನು. ನಡೆಯಲಿಲ್ಲ. ಅಂಗಡಿಯವರು ತಿರುಗಿ ಕೊಳ್ಳಲೂ ಇಲ್ಲ. ಸವಣೂರು, ಹಿರೇಕೆರೂರಿನ ಗೆಳೆಯರೂ ಹೀಗೆಯೇ ಬೇಸ್ತುಬಿದ್ದರೆಂದು ತಿಳಿದ ಮೇಲೆ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಅಡಾಪ್ಟರ್ ಮಾರುವ ಕಂಪನಿ ಬೇರೆ, ಒಳಗಿನ ಚಿಪ್ ಮಾಡುವ ಕಂಪನಿ ಬೇರೆ. ಚಿಪ್ಪಿನ ಮಾತನ್ನು ಯಂತ್ರಕ್ಕೆ ತಿಳಿಯಹೇಳುವ ದುಭಾಷಿಗೆ ಡ್ರೈವರ್ ಎನ್ನುವರು. ಅದು ಲಿನಕ್ಸಿನ ತಿರುಳಾದ ಕರ್ನೆಲಿನಲ್ಲಿಯೇ ಸೇರಿದ್ದರೆ ಹಚ್ಚಿದೊಡನೆ ಕೆಲಸ ನಡೆಯುವುದು. ಇಲ್ಲವಾದರೆ ಇಂಟರ್‌ನೆಟ್ಟಿನಿಂದ ತಂದು ಕೂಡಿಸಬೇಕು. ಇಂಟರ್‌ನೆಟ್ಟಿಗಾಗಿಯೇ ಅಲ್ಲವೆ ಅಡಾಪ್ಟರ್ ತಂದುದು? ನೀರು ಸೇದುವ ಹಗ್ಗವೇ ಬಾವಿಗೆ ಬಿದ್ದಂತಾಯಿತು. ಹಾಗೆ ಕೂಡಿಸಿದ ಡ್ರೈವರು ಕರ್ನೆಲ್ ಬದಲಾದಾಗ ಮತ್ತೆ ಕೈಕೊಡುವುದೂ ಉಂಟು.

ಹೆಸರು ನೋಡಿ ಕೊಂಡರೂ ಸಾಲದು. ಟಿಎಲ್-ಡಬ್ಲ್ಯುಎನ್722ಎನ್ ಎಂಬ ಒಂದೇ ಮಾದರಿಯ 1ನೆಯ ಆವೃತ್ತಿಯಲ್ಲಿ ಎಥೆರಾಸ್ ಚಿಪ್ ಇದ್ದಿತು; 2ನೆಯದರಲ್ಲಿ ರಿಯಲ್‌ಟೆಕ್ ಬಂದಿತು. ಹೊರಗಿನ ಅಂಗಿ ಅದೇ, ಒಳಗಿನ ಆಳು ಬೇರೆ.

ಗುರುತಿಸುವ ಬಗೆ ಸುಲಭ. ಗೆಳೆಯರ ಅಡಾಪ್ಟರನ್ನು ಹಚ್ಚಿ, ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಐದಕ್ಷರಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಿರಿ. ತಯಾರಕರ ಗುರುತು, ಅದರ ಮುಂದೆ ಸರಕಿನ ಗುರುತು ಕಾಣುವುವು. ‘0ಸಿಎಫ್3:9271’ ಎಂದಿದ್ದರೆ ಅದು ಎಥೆರಾಸ್ ಎಆರ್9271, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವುದು, ವೇಗ ಸಾಧಾರಣ, ಆದರೆ ಡ್ರೈವರು ಕರ್ನೆಲಿನಲ್ಲಿಯೇ ಇದೆ. ಮೀಡಿಯಾಟೆಕ್ಕಿನ ಎಂಟಿ7610ಯು, ಎಂಟಿ7612ಯು ಚಿಪ್ಪುಗಳ ಡ್ರೈವರುಗಳೂ 2018ರಿಂದ ಅಲ್ಲಿಯೇ ಇವೆ. ನಾನು ಕಡೆಗೆ ಕೊಂಡುದು ಎಆರ್9271 ಇರುವುದನ್ನೇ.

ಅರ್ಜಿಯ ಮಾತು ಮರೆತೆನು. ಅಣ್ಣನ ಮೊಬೈಲನ್ನು ಚಾರ್ಜಿಂಗ್ ವಾಯರಿನಿಂದಲೇ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದೆನು. ಯಾವ ಡ್ರೈವರೂ ಬೇಡಲಿಲ್ಲ. ಅಣ್ಣ ಕೆಲಸಕ್ಕೆ ಹೊರಡುವುದರೊಳಗೆ, ಕಡೆಯ ದಿನ ಬೆಳಿಗ್ಗೆ, ಅರ್ಜಿ ಹೋಯಿತು.